ನೀರಣ್ಣನವರ ತೊಳೆದ ಕ್ಯಾರೆಟ್

ತನ್ನ ಮುಖ ತೊಳೆಯುವ ಮೊದಲು ಕ್ಯಾರೆಟ್ಟಿನ ಮುಖ ತೊಳೆಯುವುದು ನೀರಣ್ಣನವರ ರೂಢಿ. ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿನ ಸಿಮೆಂಟು ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಿಂದಿನ ಸಂಜೆ ಕಿತ್ತು ತಂದದ್ದನ್ನು ಒಂದೊಂದಾಗಿ ನೀರಿಗೆ ಬಿಟ್ಟು, ಬಟ್ಟೆ ಉಜ್ಜುವ ಹಳೆಯ ಬ್ರಷ್ಷಿನಿಂದ ತಲೆಯಿಂದ ಬಾಲದವರೆಗೆ ಉಜ್ಜುತ್ತಾರೆ. ಕೂದಲಿನಂಥ ಬೇರುಗಳನ್ನು ಹೆಬ್ಬೆರಳಿನ ಉಗುರಿನಿಂದ ಕಿತ್ತು ಹಾಕುತ್ತಾರೆ. ಸೊಪ್ಪನ್ನು ಕತ್ತರಿಸಿ ಹಸುವಿನ ಮುಂದೆ ಎಸೆಯುತ್ತಾರೆ. ಜ್ವರ ಬಂದರೂ ಸರಿ, ತಲೆಗೆ ಟವೆಲು ಸುತ್ತಿಕೊಂಡು ಬಂದು ಕೂರುವವರೇ. ಅದಕ್ಕೇ ಅವರಿಗೆ ಆ ಹೆಸರು ಬಿದ್ದದ್ದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿಲ್ಲ.

"ನನ್ನನ್ನ ಮದುವೆ ಆಗೋಕೆ ಬಂದಾಗ ಒಂದ್ಸಲ ನೀರಲ್ಲಿ ಅದ್ದಿ ನೋಡಿಲ್ವಲ್ಲ, ಅಷ್ಟೇ ನನ್ನ ಪುಣ್ಯ," ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಕೂಗುತ್ತಾರೆ.

"ಅದ್ದಬೇಕಿತ್ತು. ಬಾಯಿ ಸ್ವಲ್ಪ ಮೆತ್ತಗಾಗ್ತಿತ್ತೋ ಏನೋ."

"ಮೆತ್ತಗಾಗೋದು ನಿಮ್ಮ ಕ್ಯಾರೆಟ್ಟು. ಮಣ್ಣಿದ್ರೆ ನಾಲ್ಕು ದಿನ ಹೆಚ್ಚಿಗೆ ಬರುತ್ತೆ. ತೊಳೆದು ತೊಳೆದು ನೀವೇ ಅದರ ಆಯಸ್ಸು ಕಮ್ಮಿ ಮಾಡ್ತೀರ."

ಆಕೆ ಹೇಳುವುದು ಸುಳ್ಳಲ್ಲ. ತೊಳೆದ ಕ್ಯಾರೆಟ್ ಬೇಗ ಬಾಡುತ್ತದೆ. ಮಾರಾಟವಾಗದೆ ಉಳಿದದ್ದು ಮರುದಿನಕ್ಕೆ ಬಾಗುತ್ತದೆ, ಅದರ ಮರುದಿನಕ್ಕೆ ಹಸುವಿನ ಪಾಲು. ಇದು ನೀರಣ್ಣನವರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವರ ತಾಯಿ ಬೇರೆಯವರ ಮನೆಯ ಅಡುಗೆಮನೆಗಳಲ್ಲಿ ಕೆಲಸ ಮಾಡಿ ಮಕ್ಕಳನ್ನು ಸಾಕಿದವರು. ಚಳಿಗಾಲದಲ್ಲಿ ಮಣ್ಣು ಮೆತ್ತಿದ ತರಕಾರಿಯನ್ನು ತಣ್ಣೀರಲ್ಲಿ ಉಜ್ಜಿ ಉಜ್ಜಿ ಆಕೆಯ ಬೆರಳ ಸಂದಿಗಳು ಬಿರಿದು ರಕ್ತ ಬರುತ್ತಿತ್ತಂತೆ. ನೆಲ ಗುತ್ತಿಗೆಗೆ ಹಿಡಿದು ಮೊದಲ ಬೆಳೆ ತೆಗೆದಾಗ ಮಗ ಯಾರಿಗೂ ಹೇಳದೆ ತೊಟ್ಟಿಯ ಮುಂದೆ ಕೂತುಬಿಟ್ಟರು. ಇದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಹೇಳಿದ್ದು ಅವರ ಹೆಂಡತಿ, ಅದೂ ಗಂಡ ಎದುರಿಗಿಲ್ಲದಾಗ.

ಮೊದಲೆಲ್ಲ ಅವರು ಬೆಳೆದದ್ದು ಮಂಡಿಗೆ ಹೋಗುತ್ತಿತ್ತು. ಅಲ್ಲಿ ದಲ್ಲಾಳಿ ಚೀಲಕ್ಕೆ ಕೈ ಹಾಕಿ ಒಂದು ಕ್ಯಾರೆಟ್ ಹಿರಿದು, ಲಟಕ್ಕನೆ ಮುರಿದು, ಮೂಸಿ, ಅತ್ತ ಬಿಸಾಕಿ ಒಂದು ದರ ಹೇಳುತ್ತಿದ್ದ. ಒಪ್ಪಿದರೆ ಒಪ್ಪು, ಇಲ್ಲವಾದರೆ ಚೀಲ ಹೊತ್ತುಕೊಂಡು ಹೋಗು. ಆಮೇಲೆ ಚೀಲಗಳು ಯಾವುದೋ ಲಾರಿ ಹತ್ತುತ್ತಿದ್ದವು. ಯಾರು ತಿಂದರು, ಹೇಗಿತ್ತು ಎನ್ನುವುದು ದೇವರಿಗೇ ಗೊತ್ತು. "ಕಾಗದ ಬರೆದು ವಿಳಾಸ ಇಲ್ಲದೆ ಡಬ್ಬಿಗೆ ಹಾಕಿದಂಗೆ," ಎನ್ನುತ್ತಿದ್ದರು ನೀರಣ್ಣ.

ಹಳೆಯ ಬಸ್ ಗ್ಯಾರೇಜಿನಲ್ಲಿ ಬೆಳೆಗಾರರೇ ನೇರವಾಗಿ ಮಾರುವ ಮಾರುಕಟ್ಟೆ ಶುರುವಾದಾಗ ಮೊದಲ ದಿನವೇ ಹೋಗಿ ನಿಂತವರು ಇವರು. ತಗಡಿನ ಸೂರು, ಎಣ್ಣೆಯ ಕಲೆ ಹೋಗದ ನೆಲ, ಎರಡು ಸಾಲು ಸಿಮೆಂಟು ಕಟ್ಟೆ, ಮೂಲೆಯಲ್ಲಿ ಸದಾ ಸೋರುವ ನಲ್ಲಿ. ಬಾಗಿಲ ಮೇಲೆ ದೊಡ್ಡ ಬೋರ್ಡು: ತಾವೇ ಬೆಳೆದು ಮಾರುವವರಿಗೆ ಮಾತ್ರ ಇಲ್ಲಿ ಜಾಗ. ಎರಡನೆಯ ವಾರ ಒಬ್ಬರು ನಿವೃತ್ತ ಟೀಚರು ಬಂದು, "ಹೋದ ಸಲದ್ದು ಸಕ್ಕರೆ ಥರ ಇತ್ತು ಕಣಪ್ಪ. ನಮ್ಮನೆಯವರು ಅಡುಗೆ ಆಗೋವರೆಗೂ ಕಾಯ್ಲಿಲ್ಲ, ಹಸೀದೇ ತಿಂದು ಮುಗಿಸಿದ್ರು," ಎಂದರು. ಆ ಸಂಜೆ ನೀರಣ್ಣ ಆ ಮಾತನ್ನು ಹೆಂಡತಿಗೆ ಹೇಳಿದರು, ಪಕ್ಕದ ಹೊಲದವನಿಗೆ ಹೇಳಿದರು. ಹಸುವಿಗೂ ಹೇಳಿದರು ಎಂದು ಹೆಂಡತಿ ಇವತ್ತಿಗೂ ನಗುತ್ತಾರೆ. ತಿಂದವರ ಬಾಯಿಂದ ಒಂದು ಮಾತು ಕೇಳುವುದಕ್ಕೆ ಅಷ್ಟು ವರ್ಷ ಬೇಕಾಯಿತು. ಆ ಕಟ್ಟೆ ಅವರಿಗೆ ಬರಿಯ ವ್ಯಾಪಾರದ ಜಾಗವಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ.

ತೊಂದರೆ ಶುರುವಾದದ್ದು ಹೊಸ ಗಿರಾಕಿಗಳಿಂದ. ಮಾರುಕಟ್ಟೆಯ ಹೆಸರು ಹಬ್ಬಿದ ಮೇಲೆ ದೂರದ ಬಡಾವಣೆಗಳಿಂದ ಜನ ಬರತೊಡಗಿದರು. ಅವರಿಗೆ ಬೇಕಾದದ್ದು ಹೊಲದಿಂದ ನೇರವಾಗಿ ಬಂದ ಮಾಲು. ಹೊಲದಿಂದ ಬಂದದ್ದೆಂದರೆ ಮೈಯೆಲ್ಲ ಮಣ್ಣಿರಬೇಕು, ಸೊಪ್ಪು ಜೋತಾಡುತ್ತಿರಬೇಕು, ಒಂದೆರಡು ಹುಳವಿದ್ದರೂ ಒಳ್ಳೆಯದೇ. ನೀರಣ್ಣನವರ ಕಟ್ಟೆಯ ಮೇಲೆ ಕ್ಯಾರೆಟ್ಟುಗಳು ಶಾಲೆಗೆ ಹೊರಟ ಮಕ್ಕಳ ಹಾಗೆ ತಲೆ ಬಾಚಿಕೊಂಡು ಸಾಲಾಗಿ ಮಲಗಿರುತ್ತಿದ್ದವು.

"ಇದು ಅಂಗಡಿ ಮಾಲಿದ್ದಂಗಿದೆಯಲ್ಲ?" ಎಂದಳು ಒಬ್ಬಳು ಹುಡುಗಿ, ಗಂಡನ ಕಡೆ ತಿರುಗಿ.

"ಅಂಗಡೀದಲ್ಲಮ್ಮ, ನಂದೇ. ನಾನೇ ಬೆಳೆದಿದ್ದು."

"ಮತ್ತೆ ಇಷ್ಟು ಕ್ಲೀನಾಗಿದೆ?"

"ತೊಳೆದಿದೀನಿ."

"ಯಾಕೆ?"

ಈ ಪ್ರಶ್ನೆಗೆ ನೀರಣ್ಣ ಸಿದ್ಧರಿರಲಿಲ್ಲ. ತೊಳೆಯದಿದ್ದರೆ ಯಾಕೆ ಎಂದು ಕೇಳಬಹುದು, ತೊಳೆದದ್ದಕ್ಕೆ ಯಾಕೆ ಎಂದರೆ ಏನು ಹೇಳುವುದು? ಅವರು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕಟ್ಟೆಯಿಂದ ಮಾವ ಕೂಗಿದ: "ಬನ್ನಿ ಅಕ್ಕಾ, ಇಲ್ಲಿ ಬನ್ನಿ! ಈಗ ತಾನೇ ನೆಲದಿಂದ ಎದ್ದಿದಾವೆ, ಇನ್ನೂ ಕಣ್ಣೇ ಬಿಟ್ಟಿಲ್ಲ!"

ಮಾವ ಎಂದರೆ ಇಡೀ ಮಾರುಕಟ್ಟೆಗೇ ಮಾವ. ಮಾತಿನ ಮಲ್ಲ. ಅವನ ಕ್ಯಾರೆಟ್ ಅರ್ಧಕ್ಕರ್ಧ ಮಂಡಿಯದು ಎಂದು ಎಲ್ಲರಿಗೂ ಒಳಗೊಳಗೇ ಗೊತ್ತು. ಮಂಡಿಯಿಂದ ತಂದದ್ದನ್ನು ಒದ್ದೆ ಕೆಂಪು ಮಣ್ಣು ಹಾಕಿದ ಗೋಣಿಚೀಲದಲ್ಲಿ ಹೊರಳಾಡಿಸಿ, ಬೆಳಗ್ಗೆ ಕಟ್ಟೆಯ ಮೇಲೆ ಸುರಿಯುತ್ತಾನೆ. ಹಾಗಂತ ಅವನಿಗೆ ಹೊಲವಿಲ್ಲ ಎನ್ನುವಂತಿಲ್ಲ. ರಸ್ತೆಗೆ ಹೊಂದಿಕೊಂಡು ತುಂಡು ಹೊಲವಿದೆ, ಅದರಲ್ಲಿ ಕ್ಯಾರೆಟ್ಟಿನ ನಾಲ್ಕು ಸಾಲು ಯಾವಾಗಲೂ ನಿಂತೇ ಇರುತ್ತವೆ. ಅವನ್ನು ಅವನು ಕೀಳುವುದೇ ಇಲ್ಲ. ಹೂ ಬಿಟ್ಟು ಬೀಜವಾದರೂ ಕೀಳುವುದಿಲ್ಲ.

ಆ ಹುಡುಗಿ ಮಾವನ ಕಟ್ಟೆಗೆ ಹೋದಳು. ನೀರಣ್ಣ ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಒರೆಸಿದರು.

"ತಪ್ಪು ತಿಳ್ಕೋಬೇಡ ನೀರಣ್ಣ," ಎಂದ ಮಾವ, ಗಿರಾಕಿ ಹೋದ ಮೇಲೆ. "ಜನಕ್ಕೆ ಮಣ್ಣು ಬೇಕು, ನಾನು ಮಣ್ಣು ಕೊಡ್ತೀನಿ. ಕ್ಯಾರೆಟ್ಟು ಅದರ ಜೊತೆ ಹೋಗುತ್ತೆ ಅಷ್ಟೇ."

"ನಿನ್ನ ಮಣ್ಣೂ ನಿಂದಲ್ಲವಲ್ಲೋ, ಕೆರೆ ದಂಡೆಯಿಂದ ತರ್ತೀಯ."

"ಬಿಡು, ಅದಾದ್ರೂ ಫ್ರೆಶ್ಶು!"

ಸುತ್ತಲಿದ್ದವರು ನಕ್ಕರು. ನೀರಣ್ಣನವರಿಗೆ ನಗು ಬರಲಿಲ್ಲ.

ಒಂದು ದಿನ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದ. ಅವನು ಬೇರೆ ಯಾರೂ ಅಲ್ಲ, ಪಕ್ಕದ ಹೊಲದವನೇ. ನೀರಣ್ಣನವರಿಗಿಂತ ಚಿಕ್ಕವನು, ಅಣ್ಣಾ ಅಣ್ಣಾ ಎನ್ನುತ್ತ ಬೆಳೆದವನು. ಇಬ್ಬರ ಹೊಲಗಳ ನಡುವೆ ಇರುವುದು ಒಂದು ಬದು. ಬಂದವನು ಕೂರಲಿಲ್ಲ, ಹೊಸಿಲ ಆಚೆಯೇ ನಿಂತು ಚಪ್ಪಲಿಯ ತುದಿ ನೋಡುತ್ತ ಮಾತಾಡಿದ.

"ಅಣ್ಣಾ, ಒಂದು ದೂರು ಬಂದಿದೆ. ನೀನು ಮಂಡಿ ಮಾಲು ತಂದು ಮಾರ್ತೀಯ ಅಂತ."

ನೀರಣ್ಣನವರಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರು, ನಾನಾ? ಮಾವ ಅಲ್ವಾ?"

"ನೀನೇ ಅಂತೆ. ಇಬ್ಬರು ಮೂವರು ಗಿರಾಕಿಗಳು ಹೇಳಿದಾರೆ. ಅಷ್ಟೊಂದು ಹೊಳೆಯೋ ಮಾಲು ಹೊಲದಿಂದ ಬರೋಕೆ ಸಾಧ್ಯ ಇಲ್ಲ ಅಂತ."

ಒಳಗಿನಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದರು. "ಅಲ್ಲಪ್ಪಾ, ದಿನಾ ಬೆಳಗ್ಗೆ ಇವರು ಉಜ್ಜೋ ಸದ್ದು ನಿನ್ನ ಹೊಲಕ್ಕೆ ಕೇಳುತ್ತಲ್ಲ. ನೀನು ಏನಂದೆ ಅವರಿಗೆ?"

"ನಾನು ಪಕ್ಕದವನು ಅತ್ತಿಗೆ. ನಾನು ಹೇಳಿದ್ರೆ ಪಕ್ಷ ವಹಿಸ್ದೆ ಅಂತಾರೆ. ಸಮಿತಿ ಬಂದು ಹೊಲ ನೋಡಲಿ, ಮುಗೀತು. ಗಿರಾಕಿಗಳ ಕಡೆಯಿಂದ ಆ ಕನ್ನಡಕದ ಯಜಮಾನರು ಬರ್ತಾರೆ, ಬೆಳೆಗಾರರ ಕಡೆಯಿಂದ ನಾನು. ಮಾರೋ ಬೆಳೆ ಹೊಲದಲ್ಲಿ ನಿಂತಿರೋದು ಕಣ್ಣಿಗೆ ಕಂಡ್ರೆ ಸಾಕು. ಸೋಮವಾರ ಬರ್ತೀವಿ."

"ಬನ್ನಿ, ಬನ್ನಿ," ಎಂದರು ನೀರಣ್ಣ. "ಎಲ್ಲರೂ ಬನ್ನಿ. ಕಿತ್ತು ಕೈಗೇ ಕೊಡ್ತೀನಿ."

ಆಗ ಅವರ ಹೊಲದಲ್ಲಿ ಬಲಿತ ಕ್ಯಾರೆಟ್ ಉಳಿದಿದ್ದದ್ದು ಒಂದೇ ಪಾತಿಯಲ್ಲಿ. ನಡುವಿನ ಪಾತಿಗಳಿಗೆ ಹಾಕಿದ್ದ ಬೀಜ ಹಳೆಯದಿರಬೇಕು, ಹುಟ್ಟಲಿಲ್ಲ. ಮತ್ತೆ ಬಿತ್ತಿ, ಮೇಲೆ ಒಣಹುಲ್ಲು ಹಾಸಿ, ನೀರು ಚಿಮುಕಿಸಿ ಕಾಯುತ್ತಿದ್ದರು. ಆ ಒಂದು ಪಾತಿಯನ್ನು ಅವರು ಸೋಮವಾರಕ್ಕೆಂದು ಮುಟ್ಟದೆ ಬಿಟ್ಟರು. ಕಟ್ಟೆಯ ಮೇಲೆ ಬುಟ್ಟಿ ಖಾಲಿ. ಟೀಚರಮ್ಮ ಬಂದು, "ಏನಪ್ಪ, ಇವತ್ತೂ ಇಲ್ವಾ?" ಎಂದರೆ, "ಇದೆ ಟೀಚರ್, ಕೊಡೋ ಹಾಗಿಲ್ಲ," ಎನ್ನಬೇಕಾಯಿತು. ಆಕೆ ವಿಚಿತ್ರವಾಗಿ ನೋಡಿದರು. ಇದೆ, ಆದರೆ ಕೊಡುವ ಹಾಗಿಲ್ಲ ಎನ್ನುವ ವ್ಯಾಪಾರಿಯನ್ನು ಆಕೆ ಎಲ್ಲಿ ಕಂಡಿರಬೇಕು.

ಸೋಮವಾರ ಯಾರೂ ಬರಲಿಲ್ಲ. ಯಜಮಾನರಿಗೆ ಸೊಂಟ ಹಿಡಿದಿದೆಯಂತೆ. ಗುರುವಾರ ಎಂದರು. ಗುರುವಾರ ಅವರ ಗಾಡಿ ಕೆಟ್ಟಿತು. ಅದಾದ ಮೇಲೆ ನೋಡೋಣ ಎಂದರು. ನೀರಣ್ಣ ದಿನವೂ ಒಗೆದ ಅಂಗಿ ತೊಟ್ಟು ಬದುವಿನ ಮೇಲೆ ನಿಂತು ರಸ್ತೆ ನೋಡಿ, ಬಿಸಿಲೇರಿದ ಮೇಲೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತಿದ್ದರು.

"ನಮ್ಮ ಮಗಳನ್ನ ನೋಡೋಕೆ ಬಂದವರಿಗೂ ಇಷ್ಟು ಕಾದಿರಲಿಲ್ಲ ನೀವು," ಎಂದರು ಹೆಂಡತಿ.

"ಅವರು ಹೇಳಿದ ದಿನ ಬಂದ್ರು."

ನಡುವೆ ಎರಡು ದಿನ ಮಳೆ ಹೊಡೆಯಿತು. ಬಲಿತ ಕ್ಯಾರೆಟ್ಟಿಗೆ ಮಳೆ ಬಿದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಆದರೂ ಕಾದರು. ಮೂರನೆಯ ದಿನ ಒಂದನ್ನು ಕಿತ್ತು ನೋಡಿದರೆ ಉದ್ದಕ್ಕೂ ಸೀಳಿತ್ತು. ಪಕ್ಕದ್ದೂ ಹಾಗೇ. ಒಳಗಿನ ದಿಂಡು ಕಟ್ಟಿಗೆಯಂತೆ ಗಟ್ಟಿ. ಇನ್ನೆರಡು ದಿನ ಬಿಟ್ಟರೆ ಹಸುವೂ ಮೂಸುವುದಿಲ್ಲ.

"ಹಾಗೇ ಬಿಡಿ, ತೋರ್ಸೋಕಾದ್ರೂ ಆಗುತ್ತೆ," ಎಂದರು ಹೆಂಡತಿ.

"ತೋರ್ಸೋಕೆ ಅಂತ ಬೆಳೆ ಕೊಳೆಸ್ಲಾ? ನಾನೇನು ಮಾವನಾ?"

ಕೋಪದಲ್ಲಿ ಆಡಿದ ಮಾತು, ಕೋಪದಲ್ಲೇ ಕೆಲಸಕ್ಕಿಳಿದರು. ಪಾತಿಯನ್ನೆಲ್ಲ ಕಿತ್ತರು. ಸೀಳದೆ ಉಳಿದಿದ್ದ ಸ್ವಲ್ಪವನ್ನು ತೊಳೆದು ಬುಟ್ಟಿಗೆ ಹಾಕಿದರು, ಮಿಕ್ಕದ್ದು ಕೊಟ್ಟಿಗೆಗೆ ಹೋಯಿತು. ಕಿತ್ತ ನೆಲವನ್ನು ಹಾಗೇ ಬಿಟ್ಟವರೇ ಅಲ್ಲ ಅವರು. ತೂತು ತೂತಾಗಿ ಬಿದ್ದ ಪಾತಿ ನೋಡಿದರೆ ಬಾಯಿ ತೆರೆದು ಮಲಗಿದವರನ್ನು ನೋಡಿದ ಹಾಗಾಗುತ್ತದಂತೆ. ಆ ಸಂಜೆಯೇ ಅಗೆದು, ಗೊಬ್ಬರ ಸೇರಿಸಿ, ಸಮ ಮಾಡಿ, ಬಿತ್ತಿ, ಹುಲ್ಲು ಹಾಸಿದರು.

ಮರುದಿನ ಬೆಳಗ್ಗೆ ಸಮಿತಿ ಬಂತು.

ಕನ್ನಡಕದ ಯಜಮಾನರು ಕೆಟ್ಟವರಲ್ಲ. ಯಾವುದೋ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಮಾರುಕಟ್ಟೆಗೆ ಮೋಸದ ಮಾಲು ಬರಬಾರದು ಎನ್ನುವುದು ಅವರ ನಿಜವಾದ ಕಾಳಜಿ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಬದುವಿನ ಮೇಲೆ ಹುಷಾರಾಗಿ ಹೆಜ್ಜೆಯಿಡುತ್ತ ಬಂದರು. ಕಾರ್ಯದರ್ಶಿ ಅವರ ಹಿಂದೆ.

"ಎಲ್ಲಿ, ತೋರ್ಸಿ," ಎಂದರು ಯಜಮಾನರು.

"ನಿನ್ನೆ ಕಿತ್ತೆ ಸಾರ್."

"ಎಲ್ಲಾನೂ?"

"ಎಲ್ಲಾನೂ. ಸೀಳಿಹೋಗಿತ್ತು. ನೀವು ಸೋಮವಾರ ಬಂದಿದ್ರೆ…"

"ನಾವು ಬರ್ತೀವಿ ಅಂತ ಗೊತ್ತಿದ್ದೂ ಕಿತ್ರಾ?"

"ಬರ್ತೀರಿ ಅಂತ ಗೊತ್ತಿತ್ತು. ಯಾವಾಗ ಅಂತ ಗೊತ್ತಿರಲಿಲ್ಲ."

ಯಜಮಾನರು ಸುತ್ತ ನೋಡಿದರು. ಹುಲ್ಲು ಹೊದ್ದ ನೆಲ. ಹಸಿರು ಎನ್ನುವುದು ಕಾಣುತ್ತಿದ್ದದ್ದು ಬದುವಿನ ಆಚೆ ಮಾತ್ರ. ಅಲ್ಲಿ ಕಾರ್ಯದರ್ಶಿಯ ಕ್ಯಾರೆಟ್ ಮೊಣಕಾಲೆತ್ತರ ಸೊಪ್ಪು ಬಿಟ್ಟು ತೂಗಾಡುತ್ತಿತ್ತು. ನೀರಣ್ಣ ಅವರನ್ನು ಕೊಟ್ಟಿಗೆಗೆ ಕರೆದೊಯ್ದು ಸೀಳಿದ ರಾಶಿ ತೋರಿಸಿದರು. ಆದರೆ ಅಷ್ಟು ಹೊತ್ತಿಗೆ ಹಸು ತನ್ನ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಸಿತ್ತು. ಉಳಿದಿದ್ದ ಚೂರುಗಳನ್ನು ಯಜಮಾನರು ಕೋಲಿನಿಂದ ಮೀಟಿ ನೋಡಿ, "ಇದು ಮಂಡಿಯಿಂದ ಮೇವಿಗೆ ತಂದದ್ದೂ ಆಗಿರಬಹುದಲ್ಲ?" ಎಂದರು.

ನೀರಣ್ಣ ಪಾತಿಗೆ ವಾಪಸು ಬಂದು ಮಂಡಿಯೂರಿದರು. ಮೊದಲು ಬಿತ್ತಿದ್ದ ಕಡೆ ಹುಲ್ಲು ಸರಿಸಿದರು. ಕೆಳಗೆ ದಾರದ ಎಳೆಯಂಥ ಮೊಳಕೆಗಳು, ಸಾಲು ಹಿಡಿದು ಆಗತಾನೇ ಎದ್ದಿದ್ದವು. "ನೋಡಿ ಸಾರ್. ಇದು ಕ್ಯಾರೆಟ್ಟೇ."

ಯಜಮಾನರು ಬಗ್ಗಲು ಹೋಗಿ ಸೊಂಟ ಹಿಡಿದುಕೊಂಡರು. "ನಂಗೆ ಹುಲ್ಲಿನ ಹಾಗೆ ಕಾಣುತ್ತೆ. ಏನ್ರೀ ಕಾರ್ಯದರ್ಶಿಗಳೇ, ನೀವು ಹೇಳಿ. ಇಷ್ಟು ಚಿಕ್ಕದರಲ್ಲಿ ಖಾತ್ರಿಯಾಗಿ ಹೇಳೋಕಾಗುತ್ತಾ?"

ನೀರಣ್ಣ ಮಂಡಿಯೂರಿದ ಹಾಗೇ ಕತ್ತೆತ್ತಿ ಪಕ್ಕದ ಹೊಲದವನನ್ನು ನೋಡಿದರು. ಹುಟ್ಟಿದಾಗಿನಿಂದ ಕ್ಯಾರೆಟ್ ಬೆಳೆಯುವ ಮನೆಯವನು ಅವನು. ಕತ್ತಲಲ್ಲಿ ಕೈಯಾಡಿಸಿದರೂ ಆ ಮೊಳಕೆ ಯಾವುದೆಂದು ಹೇಳಬಲ್ಲ.

ಅವನು ಗಂಟಲು ಸರಿಮಾಡಿಕೊಂಡ. "ಸ್ವಲ್ಪ ಬೆಳೀಬೇಕು ಸಾರ್," ಎಂದ. "ಆಮೇಲೆ ಗೊತ್ತಾಗುತ್ತೆ."

ಹಾಗೆಂದು ತೀರ್ಮಾನವಾಯಿತು. ಬೆಳೆ ಕಣ್ಣಿಗೆ ಕಾಣುವವರೆಗೆ ನೀರಣ್ಣನವರ ಕಟ್ಟೆ ಖಾಲಿ ಇರಬೇಕು. ಕಂಡ ಮೇಲೆ ಸಮಿತಿಗೆ ತಿಳಿಸಬೇಕು, ಸಮಿತಿ ಮತ್ತೆ ಬರುತ್ತದೆ. ಯಾವಾಗ ಎಂದು ನೀರಣ್ಣ ಕೇಳಲಿಲ್ಲ. "ನೆಲದಲ್ಲಿದ್ರೆ ಮಾರಿಲ್ಲ ಅಂತರ್ಥ, ಮಾರಿದ್ರೆ ನೆಲದಲ್ಲಿರಲ್ಲ. ನೀವು ಕೇಳ್ತಿರೋದು ಎರಡೂ ಒಟ್ಟಿಗೆ," ಎಂದಷ್ಟೇ ಹೇಳಿದರು. ಯಜಮಾನರು, "ನಿಯಮ ಎಲ್ಲರಿಗೂ ಒಂದೇ ಅಪ್ಪ," ಎಂದರು. ಹೋಗುವಾಗ ರಸ್ತೆ ಬದಿಯಲ್ಲಿ ಮಾವನ ಹೊಲದ ನಾಲ್ಕು ಸಾಲು ನೋಡಿ, "ಹೀಗಿರಬೇಕು," ಎಂದರಂತೆ.

ಆ ವಾರ ತೊಳೆದಿಟ್ಟಿದ್ದ ಆ ಒಂದು ಬುಟ್ಟಿಯನ್ನು ಹೆಂಡತಿ ಟೀಚರಮ್ಮನ ಮನೆಗೆ ಕೊಟ್ಟು ಬಂದರು. ನೀರಣ್ಣ ಮುಳ್ಳುಬೇಲಿ ಸರಿಮಾಡಿದರು, ಸರಿಯಾಗೇ ಇದ್ದ ಬೇಲಿಯನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಮಂಡಿಯ ದಲ್ಲಾಳಿಗೆ ಯಾರು ಸುದ್ದಿ ಮುಟ್ಟಿಸಿದರೋ, "ಹೊಸ ಬೆಳೆ ಬರ್ಲಿ, ನಮ್ಮ ಬಾಗಿಲು ತೆಗೆದೇ ಇದೆ," ಎಂದು ಹೇಳಿ ಕಳಿಸಿದ. ನೀರಣ್ಣ ಹೇಳಿಕೇಳಿ ಜಗಳಗಂಟರಲ್ಲ. ಜಗಳವಾಡಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಕೆಲವರಿಗೆ ದೇವರು ಸಿಟ್ಟನ್ನು ಕೊಡುತ್ತಾನೆ, ಅದನ್ನು ಹೊರಗೆ ಹಾಕುವ ಬಾಗಿಲು ಕೊಟ್ಟಿರುವುದಿಲ್ಲ.

ವಾರದ ಕೊನೆಗೆ ಕಾರ್ಯದರ್ಶಿ ಬಂದ. ಈ ಸಲ ಹೊಸಿಲು ದಾಟಿ ಒಳಗೆ ಬಂದು, ಕರೆಯುವ ಮೊದಲೇ ಬೆಂಚಿನ ತುದಿಯಲ್ಲಿ ಕೂತ. ಮುಖ ಸಪ್ಪಗಿತ್ತು.

"ಅಣ್ಣಾ, ನಂಗೆ ಸರಿಯಾಗಿ ಊಟ ಸೇರ್ತಿಲ್ಲ," ಎಂದ.

"ನಿಂಗ್ಯಾಕಪ್ಪ ಸೇರಲ್ಲ? ನಿನ್ನ ಕಟ್ಟೆ ಇದೆಯಲ್ಲ," ಎಂದರು ನೀರಣ್ಣನವರ ಹೆಂಡತಿ.

ಜೇಬಿನಿಂದ ಫೋನು ತೆಗೆದ. "ಕೇಳಿಲ್ಲಿ. ನಾನು ಯೋಚ್ನೆ ಮಾಡಿದೀನಿ. ನನ್ನ ಹೊಲದ ಈ ಕಡೆ, ಬದುವಿಗೆ ಅಂಟಿಕೊಂಡಿರೋ ಪಾತಿ ಇದೆಯಲ್ಲ, ಒಳ್ಳೆ ಬೆಳೆ ಬಂದಿದೆ. ಬದು ಎಲ್ಲಿದೆ ಅಂತ ಯಜಮಾನರಿಗೆ ಏನು ಗೊತ್ತು? ನೀನು ಅದರಲ್ಲಿ ನಿಂತ್ಕೋ, ನಾನು ಫೋಟೋ ತೆಗೀತೀನಿ. ಈ ಪಾತಿ ಆವತ್ತು ನಾವು ನೋಡೋದು ಬಿಟ್ಟುಹೋಗಿತ್ತು ಅಂತ ನಾನೇ ಸಮಿತೀಲಿ ಹೇಳ್ತೀನಿ. ನಾಳಿದ್ದು ನಿನ್ನ ಕಟ್ಟೆ ನಿಂಗೆ. ಮಾರೋಕೂ ಬೇಕಾದ್ರೆ ಅದೇ ಪಾತೀದು ಕಿತ್ಕೋ, ನಿನ್ನ ಬೆಳೆ ಬಂದಾಗ ವಾಪಸ್ ಕೊಡು. ತೊಳ್ಕೋ, ಬಿಡು, ನಿನ್ನಿಷ್ಟ."

ಹೆಂಡತಿ ಗಂಡನ ಮುಖ ನೋಡಿದರು. ಆಕೆಗೆ ಆಸೆ ಹುಟ್ಟಿತ್ತು, ಅದನ್ನು ಆಕೆ ಅಡಗಿಸಲಿಲ್ಲ. "ಕೇಳಿಸ್ಕೊಂಡ್ರಾ? ಪಾಪ, ಅವನೇ ಬಂದು ಹೇಳ್ತಿದಾನೆ," ಎಂದರು.

ನೀರಣ್ಣ ಎದ್ದು ಬಾಗಿಲಿಗೆ ಹೋಗಿ ಬದುವಿನ ಕಡೆ ನೋಡಿದರು. ಹೊರಗೆ ಹಸು ಕೊರಳು ಕೊಡವಿತು.

"ಕಟ್ಟೆ ಬೇಡ್ವಾ ನಿಂಗೆ?" ಎಂದ ಕಾರ್ಯದರ್ಶಿ.

"ಬೇಕು. ಬೇಕು ಅಂತಾನೇ ಒಂದು ವಾರದಿಂದ ನಿದ್ದೆ ಇಲ್ಲ."

"ಮತ್ತೆ?"

"ಅದು ನಿನ್ನ ಪಾತಿ ತಮ್ಮಾ. ನೀನು ಬಿತ್ತಿದ್ದು, ನೀನು ನೀರು ಕಟ್ಟಿದ್ದು. ಅದರಲ್ಲಿ ನಿಂತು ನಾನು ನಂದು ಅಂದ್ರೆ, ಬೇರೆಯವರ ಮಾಲು ತಂದು ಮಾರ್ತೀನಿ ಅಂದ್ರಲ್ಲ ಅವರು, ಅಲ್ಲಿಂದ ಅದು ನಿಜ ಆಗುತ್ತೆ. ಇವತ್ತಿನವರೆಗೆ ಸುಳ್ಳಾಗಿತ್ತು."

"ಯಾರಿಗೆ ಗೊತ್ತಾಗುತ್ತೆ ಅಣ್ಣಾ?"

"ಟೀಚರಮ್ಮ ಬಂದು ಚೆನ್ನಾಗಿತ್ತು ಅಂದ್ರೆ ನಾನೇನು ಹೇಳ್ಲಿ? ನಿನ್ನನ್ನ ತೋರಿಸ್ಲಾ?"

ಕಾರ್ಯದರ್ಶಿ ಫೋನನ್ನು ಕೈಯಲ್ಲಿ ತಿರುಗಿಸುತ್ತ ಕೂತ. "ಏನಾದ್ರೂ ಮಾಡ್ಬೇಕು ಅನ್ಸುತ್ತೆ ನಂಗೆ," ಎಂದ, ತಲೆಯೆತ್ತದೆ.

"ಆವತ್ತು ಹುಲ್ಲು ಸರಿಸಿದಾಗ ಒಂದು ಮಾತು ಹೇಳ್ಬೇಕಿತ್ತು ನೀನು. ಅದು ಬೇಕಿತ್ತು ನಂಗೆ," ಎಂದರು ನೀರಣ್ಣ. "ಇದು ಬೇಡ."